ಪಾಲಿಶ್ ಬೀಳುವ ಮುಂಚೆ ಮರ ನೋಡಿ

ಬೆಂಗಳೂರಿನಲ್ಲಿ ಆರ್ಡರ್ ಕೊಟ್ಟು ಸಾಗುವಾನಿ ಫರ್ನಿಚರ್ ಮಾಡಿಸುವ ಯೋಚನೆ ಇದ್ದರೆ, ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ. ನಮ್ಮದು 4,05,000 ರೂಪಾಯಿ ಹೋಗಿದೆ. ಎಂಟು ಜನರ ಡೈನಿಂಗ್ ಟೇಬಲ್, ಎಂಟು ಕುರ್ಚಿ, ಹಾಲ್‌ಗೆ ಒಂದು ಉಯ್ಯಾಲೆ. ಅಂಗಡಿ ಹೆಸರು ಹಾಕುತ್ತಿಲ್ಲ, ಕೇಸ್ ನಡೆಯುತ್ತಿದೆ. ಇನ್‌ಬಾಕ್ಸ್‌ನಲ್ಲಿ ಕೇಳಿದರೂ ಹೇಳಲ್ಲ, ಬೇಜಾರು ಮಾಡ್ಕೋಬೇಡಿ.

ಹೋದ ವರ್ಷ ಜೂನ್‌ನಲ್ಲಿ ಆ ಶೋರೂಮ್‌ಗೆ ಹೋಗಿದ್ದೆವು. ಒಳಗೆ ಕಾಲಿಟ್ಟರೆ ಮೆತ್ತಗಿನ ಹಳದಿ ದೀಪ, ಫಿಲ್ಟರ್ ಕಾಫಿ. ಬೆಲೆ ಚೀಟಿ ಎಲ್ಲೂ ಇಲ್ಲ. ಮ್ಯಾನೇಜರ್ ಡ್ರಾಯರ್‌ನಿಂದ ಅಂಗೈ ಅಗಲದ ಮರದ ತುಂಡೊಂದನ್ನು ತೆಗೆದು ನನ್ನ ಕೈಗಿಟ್ಟರು. "ಮೂಸಿ ನೋಡಿ ಮೇಡಂ" ಅಂದರು. ಹಳೇ ಚರ್ಮದ ಬ್ಯಾಗಿನ ವಾಸನೆ. ಬೆರಳಿಗೆ ಸಣ್ಣಗೆ ಎಣ್ಣೆ ಪಸೆ. ಅಸಲಿ ಸಾಗುವಾನಿಯ ಗುರುತೇ ಅದು. ಆಮೇಲೆ ಆ ತುಂಡನ್ನು ವಾಪಸ್ ಇಸ್ಕೊಂಡು ಡ್ರಾಯರ್‌ನಲ್ಲಿಟ್ಟರು. ಇಡೀ ವ್ಯವಹಾರದಲ್ಲಿ ನಾವು ಮುಟ್ಟಿದ ಒಳ್ಳೆ ಸಾಗುವಾನಿ ಅದೊಂದೇ.

ಕರಾರು ಹೀಗಿತ್ತು: ಆರ್ಡರ್ ಕೊಡುವಾಗ 60%, "ಪ್ರೊಡಕ್ಷನ್ ಅರ್ಧ ಆದಾಗ" 30%, ಮನೆಗೆ ಬಂದಾಗ 10%. ಎಂಟು ವಾರದಲ್ಲಿ ಡೆಲಿವರಿ. ನಾವು 2,43,000 ರೂಪಾಯಿಯನ್ನು ಬ್ಯಾಂಕ್ ಮೂಲಕ ಕಳಿಸಿದೆವು. ಎರಡನೇ ಕಂತಿನ ಹೊತ್ತಿಗೆ "ಕ್ಯಾಶ್ ಕೊಟ್ಟರೆ 18% ಜಿಎಸ್‌ಟಿ ಉಳಿಯುತ್ತೆ ಸರ್" ಅಂದರು. ನನ್ನ ಗಂಡ ತಲೆಯಾಡಿಸಿದರು, ನಾನೂ ಸುಮ್ಮನಿದ್ದೆ. 1,21,500 ಕ್ಯಾಶ್ ಹೋಯಿತು. ಕೊನೆಗೆ ಬಿಲ್ಲಿನಲ್ಲಿ ನಿಂತಿದ್ದು 2,83,500 ಮಾತ್ರ. ಉಳಿದದ್ದಕ್ಕೆ ನಮ್ಮ ಹತ್ತಿರ ಇರುವುದು ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್. "ರಿಸೀವ್ಡ್ ಸರ್, ಥ್ಯಾಂಕ್ಯೂ" ಅಂತ. ಇದರಲ್ಲಿ ತಪ್ಪು ನಮ್ಮದೂ ಇದೆ, ಮುಚ್ಚಿಡಲ್ಲ.

ಮರ ಕೊಯ್ಯುವಾಗ ಬಂದು ನೋಡ್ತೀವಿ ಅಂತ ಎರಡು ಸಲ ಕೇಳಿದೆವು. ಫ್ಯಾಕ್ಟರಿಯೊಳಗೆ ಕಸ್ಟಮರ್‌ಗಳನ್ನು ಬಿಡಲ್ಲ, ಇನ್ಶೂರೆನ್ಸ್ ತೊಂದರೆ ಅಂದರು. ಫೋಟೋ ಕಳಿಸಿದರು. ಚೆನ್ನಾಗೇ ಇತ್ತು. ಆ ಫೋಟೋದಲ್ಲಿದ್ದ ಟೇಬಲ್‌ನ ಕಾಲು ಗುಂಡಗಿತ್ತು, ನಾವು ಹೇಳಿದ್ದು ಚೌಕದ ಕಾಲು. ಇದು ನನಗೆ ಹೊಳೆದದ್ದು ಒಂಬತ್ತು ತಿಂಗಳಾದ ಮೇಲೆ!

ಎಂಟು ವಾರ ಹೋಗಿ ಐದು ತಿಂಗಳಾಯಿತು. ವರಮಹಾಲಕ್ಷ್ಮಿ, ಗಣೇಶ, ದಸರಾ, ಆಮೇಲೆ ಕಾರ್ಪೆಂಟರ್‌ಗಳು ದೀಪಾವಳಿಗೆ ಊರಿಗೆ. ಮಧ್ಯೆ ಮಳೆ, ಪಿಯು (ಪಾಲಿಯುರೆಥೇನ್) ಪಾಲಿಶ್ ಒಣಗ್ತಿಲ್ಲ ಅಂತ. ಈ ಕೊನೆಯದು ಮಾತ್ರ ನಿಜ ಇರಬಹುದು, ತೇವದ ಗಾಳಿಯಲ್ಲಿ ಪಾಲಿಶ್ ಬೆಳ್ಳಗಾಗುತ್ತೆ. ನವೆಂಬರ್ ಕೊನೆಗೆ ಟೆಂಪೋ ಬಂತು. ಸಾಮಾನು ಇಳಿಸಿದ ಹುಡುಗರಿಗೆ ಟೀ ಕೊಡುತ್ತಾ "ನಿಮ್ಮ ಫ್ಯಾಕ್ಟರಿ ಎಲ್ಲಿ?" ಅಂದೆ. "ಫ್ಯಾಕ್ಟರಿನಾ? ಮಾಗಡಿ ರೋಡ್ ಹತ್ರ ಒಂದು ಶೆಡ್ ಅಕ್ಕ. ನಾವು ಆರೇಳು ಅಂಗಡಿಗೆ ಮಾಡಿಕೊಡ್ತೀವಿ" ಅಂದರು. ಆಗಲೇ ಕಿವಿ ನೆಟ್ಟಗಾಗಬೇಕಿತ್ತು. ಟೇಬಲ್ ಫಳಫಳ ಅಂತಿತ್ತು, ಉಳಿದ 40,500 ಕೊಟ್ಟು ಕಳಿಸಿದೆವು.

ಫೆಬ್ರವರಿ ಕೊನೆಯಲ್ಲಿ ಒಂದು ರಾತ್ರಿ ಹಾಲ್‌ನಿಂದ "ಟಪ್" ಅಂತ ಸದ್ದು. ತೆಂಗಿನಕಾಯಿ ಒಡೆದ ಹಾಗೆ. ಬೆಳಿಗ್ಗೆ ನೋಡಿದರೆ ಟೇಬಲ್ ಮೇಲ್ಹಲಗೆಯಲ್ಲಿ ಎರಡು ಅಡಿ ಉದ್ದದ ಬಿರುಕು, ಒಂದು ರೂಪಾಯಿ ನಾಣ್ಯ ನಿಲ್ಲಿಸಬಹುದು. ಫೋನ್ ಮಾಡಿದರೆ "ಸಾಲಿಡ್ ವುಡ್ ಅಂದ್ರೆ ಹಾಗೇ ಮೇಡಂ, ಅದು ಮರದ ಸಹಜ ಗುಣ" ಅಂದರು. ವಾರಂಟಿ ಕಾರ್ಡ್ ತಿರುಗಿಸಿ ನೋಡಿದೆ. "ಮರದ ಸಹಜ ಗುಣಗಳಿಗೆ ವಾರಂಟಿ ಅನ್ವಯಿಸುವುದಿಲ್ಲ" ಅಂತ ಸಾಸಿವೆ ಗಾತ್ರದ ಅಕ್ಷರದಲ್ಲಿತ್ತು.

ಅರ್ಧ ಸತ್ಯ ಅಂದರೆ ಇದೇ. ಮರ ಹಿಗ್ಗಿ ಕುಗ್ಗುವುದು ನಿಜ. ಉದ್ದಕ್ಕೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಅಗಲಕ್ಕೆ ಜಾಸ್ತಿ. ಮಳೆಗಾಲದಲ್ಲಿ ನೀರು ಹೀರುತ್ತೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತೆ. ಅದಕ್ಕೇ ಕೆಲಸ ಗೊತ್ತಿರುವ ಆಚಾರಿಗಳು ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಕೂರಿಸುವಾಗ ಸ್ಕ್ರೂಗೆ ಉದ್ದನೆಯ ತೂತು ಕೊರೆಯುತ್ತಾರೆ, ಇಲ್ಲವೇ ಕ್ಲಿಪ್ ಹಾಕುತ್ತಾರೆ. ಹಲಗೆಗೆ ಸರಿದಾಡಲು ಜಾಗ ಇರಬೇಕು. ನಮ್ಮದರ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆವು. ಸುತ್ತ ಹದಿನಾರು ಸ್ಕ್ರೂ, ಮೇಲೆ ಫೆವಿಕಾಲ್. ಅಲ್ಲಾಡದ ಹಾಗೆ ಬಿಗಿದಿದ್ದರು. ಕುಗ್ಗಬೇಕಾದ ಮರಕ್ಕೆ ಜಾಗ ಇಲ್ಲದಿದ್ದರೆ ಅದು ಸೀಳದೆ ಇನ್ನೇನು ಮಾಡುತ್ತೆ? ಸರಿಯಾಗಿ ಒಣಗದ ಮರ ಬೇರೆ. ಮನೆಯೊಳಗಿನ ಫರ್ನಿಚರ್‌ಗೆ ಮರದ ತೇವ 12%ಕ್ಕಿಂತ ಕೆಳಗಿರಬೇಕು. ಅದನ್ನು ಅಳೆಯಲು ಕೈಯಲ್ಲಿ ಹಿಡಿಯುವ ಮೀಟರ್ ಸಿಗುತ್ತೆ. ಪಿನ್ ಚುಚ್ಚಿದರೆ ನಂಬರ್ ತೋರಿಸುತ್ತೆ. ಲಕ್ಷಗಟ್ಟಲೆ ಮಾಲು ಮಾರುವವರ ಹತ್ತಿರ ಅದೊಂದು ಇರಬೇಕು ಅಲ್ವಾ?

ಇದನ್ನಾದರೂ ಸಹಿಸಿಕೊಳ್ಳುತ್ತಿದ್ದೆವೇನೋ. ಏಪ್ರಿಲ್‌ನಲ್ಲಿ ಮನೆ ಕೆಲಸಕ್ಕೆ ಬರುವವರು ಪೊರಕೆ ಹಿಡಿದುಕೊಂಡೇ ಕರೆದರು. "ಅಕ್ಕಾ, ದಿನಾ ಇಲ್ಲೇ ಕಡ್ಲೆಹಿಟ್ಟು ಚೆಲ್ತೀರಲ್ಲ, ಏನ್ ಮಾಡ್ತೀರಿ ಇಲ್ಲಿ?" ಟೇಬಲ್ ಕಾಲಿನ ಬುಡದಲ್ಲಿ ತೆಳು ಹಳದಿ ಪುಡಿ, ಸಣ್ಣ ಗುಪ್ಪೆ. ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪೌಡರ್‌ನಷ್ಟು ನಯ. ಕಾಲಿನ ಮೇಲೆ ಗುಂಡುಪಿನ್ನಿನ ತಲೆಯಷ್ಟು ಮೂರು ತೂತು. ಊರಿಂದ ಬಂದಿದ್ದ ಮಾವನವರು ಕನ್ನಡಕ ಹಾಕಿಕೊಂಡು ಬಗ್ಗಿದರು, ಒಂದೇ ಮಾತು: "ಕುಟ್ಟೆ ಹಿಡಿದಿದೆ ಕಣಮ್ಮ." ಆಮೇಲೆ ಟೇಬಲ್ ಓರೆ ಮಾಡಿಸಿ ಕಾಲಿನ ಅಡಿಗೆ ಅಂಟಿಸಿದ್ದ ಬಟ್ಟೆ ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸಿದರು. ಅಲ್ಲಿಗೆ ಪಾಲಿಶ್ ತಲುಪಿರಲಿಲ್ಲ. ಕೆಳಗಿದ್ದದ್ದು ಸಾಗುವಾನಿಯ ಕಂದು ಬಣ್ಣ ಅಲ್ಲ, ಬ್ರೆಡ್ಡಿನ ಹಾಗೆ ಬಿಳಿಚಿಕೊಂಡ ಮರ.

ಅಂಗಡಿಯವರು ನಿಮ್ಮ ಮನೆಯಲ್ಲೇ ಹುಳ ಇದೆ, ಪೆಸ್ಟ್ ಕಂಟ್ರೋಲ್ ಮಾಡಿಸಿ ಅಂದರು. ಈ ಮಾತಿಗೆ ಮರುಳಾಗಬೇಡಿ. ಕುಟ್ಟೆ ಅಂದರೆ ಮರ ಕೊರೆಯುವ ಹುಳ, ಅದು ಮೊಟ್ಟೆ ಇಡುವುದು ಪಾಲಿಶ್ ಕಾಣದ ಮರದ ಸಣ್ಣ ರಂಧ್ರಗಳಲ್ಲಿ. ಪಾಲಿಶ್ ಮುಚ್ಚಿದ ಮೇಲೆ ಅದಕ್ಕೆ ದಾರಿ ಇಲ್ಲ. ಮರಿ ತಿಂಗಳುಗಟ್ಟಲೆ ಒಳಗೇ ತಿಂದುಕೊಂಡು ಇರುತ್ತೆ, ದೊಡ್ಡದಾದ ಮೇಲೆ ಕೊರೆದು ಆಚೆ ಬರುತ್ತೆ. ಅಂದರೆ ನಾವು ಕಂಡ ತೂತು ಹುಳ ಹೊರಗೆ ಬಂದ ಬಾಗಿಲು, ಒಳಗೆ ಹೋದದ್ದಲ್ಲ. ಹುಳ ಬಂದದ್ದು ಟೆಂಪೋದಲ್ಲೇ, ನಮ್ಮ 10% ಇಸ್ಕೊಂಡ ದಿನ.

ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಐಡಬ್ಲ್ಯುಎಸ್‌ಟಿ ಅಂತಾರೆ. ಫೀಸ್ ಕಟ್ಟಿ ಮರದ ಚೂರು ಕೊಟ್ಟರೆ ಯಾವ ಮರ ಅಂತ ಗುರುತಿಸಿ ಬರೆದುಕೊಡುತ್ತಾರೆ. ಬೆಂಗಳೂರಿನ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನಮ್ಮ ರಿಪೋರ್ಟ್: ಕಾಲುಗಳು ರಬ್ಬರ್ ಮರ, ಮೇಲ್ಹಲಗೆ ಸಾಗುವಾನಿ. ಆದರೆ ಆ ಹಲಗೆಯಲ್ಲಿ ಅರ್ಧದಷ್ಟು ಹೊರಗಿನ ಬಿಳಿ ಭಾಗ, ಕಂದು ಸ್ಟೇನ್ ಬಳಿದದ್ದು. ಸಾಗುವಾನಿಗೆ ಹುಳ ಹತ್ತಲ್ಲ ಅನ್ನುವ ಮಾತು ಚೇಗಿಗೆ, ಅಂದರೆ ಒಳಗಿನ ಕಂದು ತಿರುಳಿಗೆ ಮಾತ್ರ ಸರಿ, ಬಿಳಿ ಭಾಗಕ್ಕಲ್ಲ. ರಬ್ಬರ್ ಮರವನ್ನೂ ನಾನು ಬೈಯಲ್ಲ. ಬೋರಾನ್ ಉಪಚಾರ ಮಾಡಿ ಒಣಗಿಸಿದರೆ ಒಳ್ಳೇ ಫರ್ನಿಚರ್ ಆಗುತ್ತೆ. ಉಪಚಾರ ಮಾಡದಿದ್ದರೆ ಅದರಲ್ಲಿರುವ ಪಿಷ್ಟ ಕುಟ್ಟೆಗೆ ಹಬ್ಬದೂಟ.

ಉಯ್ಯಾಲೆ ಹಲಗೆಯ ಕಥೆ ಚಿಕ್ಕದು. ಅದು ಪ್ಲೈವುಡ್, ಮೇಲೆ ಸಾಗುವಾನಿ ವೆನೀರ್, ಅಂದರೆ ಅಂಟಿಸಿದ ತೆಳು ಮರದ ಪದರ. ಪತ್ತೆ ಹಚ್ಚುವುದು ಸುಲಭ: ಹಲಗೆಯ ಕೊನೆ ನೋಡಿ. ಅಸಲಿ ಹಲಗೆಯಾದರೆ ಮೇಲಿನ ಗೆರೆ ಕೊನೆಯಲ್ಲಿ ಕೆಳಕ್ಕೆ ಇಳಿದು, ಮರದ ವರ್ಷದ ಉಂಗುರಗಳ ತುಣುಕಾಗಿ ಕಾಣುತ್ತೆ. ನಮ್ಮದರಲ್ಲಿ ನಾಲ್ಕೂ ಕಡೆ ಪಟ್ಟಿ ಹೊಡೆದಿದ್ದರು, ಗೆರೆಗೂ ಗೆರೆಗೂ ಸಂಬಂಧವೇ ಇಲ್ಲ.

ಬಿಲ್ ತೆಗೆದು ಓದಿದೆ. ಎಲ್ಲೂ "ಸಾಗುವಾನಿ" ಇಲ್ಲ. "ಟೀಕ್ ಫಿನಿಶ್ ಡೈನಿಂಗ್ ಸೆಟ್" ಅಂತಿದೆ. ಫಿನಿಶ್ ಅಂದರೆ ಬಣ್ಣ ಅಷ್ಟೇ. ಈ ಒಂದು ಪದದ ಮೇಲೆ ಅವರ ವಕೀಲರು ಈಗ ನಿಂತಿದ್ದಾರೆ. ನಮ್ಮ ಕಡೆ ಇರುವುದು ಅವರೇ ವಾಟ್ಸಾಪ್‌ನಲ್ಲಿ ಕಳಿಸಿದ ಎಸ್ಟಿಮೇಟ್, ಅದರಲ್ಲಿ "ಪ್ಯೂರ್ ಬರ್ಮಾ ಟೀಕ್" ಅಂತ ಸ್ಪಷ್ಟವಾಗಿದೆ. ಹಾಗಾಗಿ ಒಂದು ಚಾಟ್‌ನೂ ಡಿಲೀಟ್ ಮಾಡಬೇಡಿ.

ನನಗೆ ಇಂದಿಗೂ ಅರ್ಥ ಆಗದ್ದು ಒಂದಿದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ವಿಚಾರಿಸಿದಾಗ ಅಲ್ಲಿನ ಹಿರಿಯರೊಬ್ಬರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಏಳು ಅಡಿ ಉದ್ದ, ಮೂರೂವರೆ ಅಡಿ ಅಗಲ, ಒಂದೂವರೆ ಇಂಚು ದಪ್ಪದ ಮೇಲ್ಹಲಗೆಗೆ ಮೂರು ಘನ ಅಡಿ ಚಿಲ್ಲರೆ. ನಾಲ್ಕು ಇಂಚು ಚೌಕದ ನಾಲ್ಕು ಕಾಲಿಗೆ ಒಂದು ಚಿಲ್ಲರೆ. ಚೌಕಟ್ಟು ಅರ್ಧ ಚಿಲ್ಲರೆ. ಕೊಯ್ದು ಹೋಗುವ ವೇಸ್ಟ್ ಸೇರಿಸಿದರೂ ಆರೂವರೆ. ಅವರು ಹೇಳಿದ ರೇಟ್ ಘನ ಅಡಿಗೆ 4,500. ಅಂದರೆ ಟೇಬಲ್‌ಗೆ ಬೇಕಾದ ಒಳ್ಳೆ ಮರದ ಬೆಲೆ ಮೂವತ್ತು ಸಾವಿರದ ಒಳಗೆ. ಆ ಟೇಬಲ್ ಒಂದಕ್ಕೇ ನಾವು ಕೊಟ್ಟದ್ದು 1,60,000. ಶೋರೂಮ್ ಬಾಡಿಗೆ, ಡಿಸೈನ್, ಕೂಲಿ, ಕಾಫಿ, ಲಾಭ, ಎಲ್ಲಾ ತಗೊಳ್ಳಲಿ, ಯಾರು ಬೇಡ ಅಂದರು? ಅಷ್ಟೆಲ್ಲಾ ತಗೊಂಡ ಮೇಲೂ ಆ ಮೂವತ್ತು ಸಾವಿರದ ಮರದಲ್ಲೇ ಕೈ ಹಾಕಿದರಲ್ಲ!

ನೀವು ಮಾಡಿಸುವುದಾದರೆ ಎರಡನೇ ಕಂತನ್ನು ದಿನಾಂಕಕ್ಕೋ "ಅರ್ಧ ಪ್ರೊಡಕ್ಷನ್"ಗೋ ಕಟ್ಟಬೇಡಿ, ಪಾಲಿಶ್‌ಗೆ ಮುಂಚಿನ ಭೇಟಿಗೆ ಕಟ್ಟಿ. ಜೋಡಿಸಿ ಮುಗಿದಿರಬೇಕು, ಸ್ಟೇನ್ ಬಿದ್ದಿರಬಾರದು. ಆ ಒಂದೆರಡು ದಿನ ಮಾತ್ರ ಮರ ಬೆತ್ತಲೆ ಇರುತ್ತೆ. ನೀವೇ ಹೋಗಿ, ಮುಟ್ಟಿ, ಮೂಸಿ, ಮೀಟರ್ ಚುಚ್ಚಿ, ಅಡಿಯಿಂದ ಫೋಟೋ ತೆಗೆದುಕೊಳ್ಳಿ. ಬಿಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಬಿಲ್ಲಿನಲ್ಲಿ ಯಾವ ಭಾಗ ಯಾವ ಮರ ಅಂತ ಬರೆಸಿ. ಮೇಲ್ಹಲಗೆ, ಕಾಲು, ಚೌಕಟ್ಟು ಬೇರೆ ಬೇರೆಯಾಗಿ.

ಆಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಮಗೆ ಅಲ್ಲಿಂದ ಆದದ್ದು ಒಂದೇ, ಅಂಗಡಿಯವರು "ಫ್ರೀಯಾಗಿ ರೀಪಾಲಿಶ್ ಮಾಡಿಕೊಡ್ತೀವಿ" ಅಂತ ಬಂದರು. ಒಪ್ಪಲಿಲ್ಲ. ರೀಪಾಲಿಶ್ ಆದರೆ ಸಾಕ್ಷಿಯೇ ಮುಚ್ಚಿಹೋಗುತ್ತೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆವು. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ವಕೀಲರು ಇರಲೇಬೇಕು ಅಂತಿಲ್ಲ, ನಾನೇ ಹೋಗುತ್ತಿದ್ದೇನೆ.

ಟೇಬಲ್ ಈಗ ಪ್ಲಾಸ್ಟಿಕ್ ಸುತ್ತಿಕೊಂಡು ಬಾಲ್ಕನಿಯಲ್ಲಿದೆ, ನಾವು ಚಾಪೆ ಹಾಸಿ ಊಟಕ್ಕೆ ಕೂರುತ್ತೇವೆ. ಪುಡಿ ಇನ್ನೂ ಉದುರುತ್ತಿದೆ. ಮೊದಮೊದಲು ಗುಡಿಸಿ ಹಾಕುತ್ತಿದ್ದೆವು, ಈಗ ಖಾಲಿ ಉಪ್ಪಿನಕಾಯಿ ಬಾಟಲಿಗೆ ತುಂಬಿ, ತಾರೀಖು ಬರೆದ ಚೀಟಿ ಅಂಟಿಸಿ ಇಡುತ್ತಿದ್ದೇನೆ. ಮೂರನೇ ಬಾಟಲಿ ಅರ್ಧ ಆಗಿದೆ.