ಗಂಟಲು-ದನಿ ಅಬ್ಸರ್ವರ್‌ಶಿಪ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಬರೆಯಬೇಕೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. 14 ವರ್ಷ ಇಎನ್‌ಟಿ ಪ್ರಾಕ್ಟೀಸ್ ಮಾಡಿದವನು ಹೀಗೆ ಮೋಸ ಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಮೊನ್ನೆ ಕುಮಟಾದ ಕಿರಿಯ ಡಾಕ್ಟರ್ ಒಬ್ಬರು ಫೋನ್ ಮಾಡಿ, ನಾನು ಅಬ್ಸರ್ವರ್‌ಶಿಪ್‌ಗೆ (ಆಸ್ಪತ್ರೆಯಲ್ಲಿ ಪಕ್ಕ ನಿಂತು ನೋಡಿ ಕಲಿಯುವುದು) ಹೋಗಿ ಬಂದ ಜಾಗಕ್ಕೇ ದುಡ್ಡು ಕಟ್ಟುತ್ತಿದ್ದೇನೆ ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಿರಸಿಯವನು. ನಮ್ಮ ಕಡೆ ದನಿ ಕೆಟ್ಟು ಬರುವವರು ಯಾರು ಅಂತ ನಿಮಗೇ ಗೊತ್ತು. ಮೇಷ್ಟ್ರುಗಳು, ಘಟ್ಟದ ಕೆಳಗಿನ ಮೀನು ಮಾರುವ ಹೆಂಗಸರು, ಮತ್ತೆ ಯಕ್ಷಗಾನದ ಭಾಗವತರು. ಒಬ್ಬ ಭಾಗವತರು ಆರು ತಿಂಗಳಿಂದ ಬರುತ್ತಿದ್ದಾರೆ. ಮಾತು ಸರಿಯಿದೆ, ಪದ್ಯ ಏರಿಸಿದರೆ ದನಿ ಒಡೆಯುತ್ತದೆ. ನನ್ನ ಸಾದಾ ಸ್ಕೋಪ್‌ನಲ್ಲಿ ಏನೂ ಕಾಣುವುದಿಲ್ಲ. ಸುಮ್ನೆ ಮಾತಾಡುವಾಗಲೇ ಗಂಡಸರ ಸ್ವರತಂತು ಸೆಕೆಂಡಿಗೆ 100 ಸಲದಷ್ಟು ಅದುರುತ್ತದೆ, ಕಣ್ಣಿಗೆಲ್ಲಿ ಸಿಗಬೇಕು? ಸ್ಟ್ರೋಬೋಸ್ಕೋಪ್ ಬೆಳಕನ್ನು ಮಿಟುಕಿಸಿ ಆ ಅದುರಾಟವನ್ನು ನಿಧಾನವಾಗಿ ತೋರಿಸುತ್ತದೆ. ಅದನ್ನು ಓದುವುದು ಕಲಿಯಬೇಕಿತ್ತು. ಕಲಿತ ಮೇಲೆ ಮೆಷಿನ್ ತರಿಸೋಣ ಅಂತ ಬ್ಯಾಂಕಿನಲ್ಲಿ ಸಾಲವನ್ನೂ ಕೇಳಿಟ್ಟಿದ್ದೆ.

ಅಬ್ಸರ್ವರ್‌ಶಿಪ್‌ಗೆ ಎರಡು ವಾರಕ್ಕೆ 40,000 ರೂಪಾಯಿ. ದಿನಾ ಸ್ಟ್ರೋಬೋಸ್ಕೋಪಿ, ವಾರಕ್ಕೆ ಮೂರು ದಿನ ಆಪರೇಷನ್ ಥಿಯೇಟರ್ ಎಂದಿದ್ದರು. ರೋಗಿಯನ್ನು ಮುಟ್ಟುವ ಹಾಗಿಲ್ಲ ಎಂದರು, ಒಪ್ಪಿದೆ. ಅಬ್ಸರ್ವರ್‌ಶಿಪ್ ಅಂದರೆ ಹಾಗೇ ಅಲ್ವಾ. ಕ್ಲಿನಿಕ್ ಬಾಗಿಲಿಗೆ ಬೋರ್ಡ್ ಹಾಕಿ, ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ರೈಲು ಹತ್ತಿದೆ.

ಮೊದಲ ದಿನ ದೊಡ್ಡ ಡಾಕ್ಟರ್ ಇಲ್ಲ, ವಿದೇಶಕ್ಕೆ ಹೋಗಿದ್ದಾರೆ. ಎರಡನೇ ದಿನವೂ ಇಲ್ಲ. ಮೆಷಿನ್ ಎಲ್ಲಿ ಎಂದರೆ ಮೂಲೆಗೆ ಕೈ ತೋರಿಸಿದರು. ಹಸಿರು ಬಟ್ಟೆ ಹೊದೆಸಿಟ್ಟಿದ್ದರು. ಎತ್ತಿ ನೋಡಿದೆ, ಕ್ಯಾಮೆರಾನೇ ಇಲ್ಲ. ವೈರು ನೇತಾಡುತ್ತಿತ್ತು. ಅಲ್ಲಿನ ಹುಡುಗ ಮೆಲ್ಲಗೆ ಹೇಳಿದ: 'ಸರ್, ಅದು ರಿಪೇರಿಗೆ ಹೋಗಿ ಒಂದೂವರೆ ತಿಂಗಳಾಯ್ತು.'

ಒಂದೂವರೆ ತಿಂಗಳು! ನಾನು ದುಡ್ಡು ಹಾಕಿ ಮೂರೇ ವಾರವಾಗಿತ್ತು. ಗೊತ್ತಿದ್ದೂ ತಗೊಂಡರು. ಗೊತ್ತಿದ್ದೇ ತಗೊಂಡರು.

ಕೋಆರ್ಡಿನೇಟರ್‌ಗೆ ಮೆಸೇಜ್ ಹಾಕಿದೆ. 'ಸರ್, ಹಳೇ ರೆಕಾರ್ಡಿಂಗ್ ತೋರಿಸ್ತೀವಿ, ಅದೂ ಅಬ್ಸರ್ವೇಶನ್ನೇ.' ಹಾಗಾದರೆ ಮನೆಯಲ್ಲೇ ನೋಡುತ್ತಿದ್ದೆನಲ್ಲ ಎಂದೆ. 'ನಿಮ್ಮ ಹಾಗೆ ಇಲ್ಲಿವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಸರ್.' ಈ ಮಾತು ಇನ್ನೂ ಕಿವಿಯಲ್ಲಿದೆ. ನನ್ನದೇ ತಪ್ಪು ಎನ್ನುವ ಹಾಗೆ!

ಎಂಟನೇ ದಿನ ಥೈರೋಪ್ಲಾಸ್ಟಿ ಇತ್ತು. ಥೈರಾಯ್ಡ್ ಆಪರೇಷನ್ ಆದ ಮೇಲೆ ಒಂದು ಸ್ವರತಂತು ನಿಂತುಹೋದ ಹೆಂಗಸು. ಜಪಾನಿನ ಇಶ್ಶಿಕಿ 1974ರಲ್ಲಿ ವಿವರಿಸಿದ ಆಪರೇಷನ್ ಇದು. ಕುತ್ತಿಗೆಯ ಮೃದ್ವಸ್ಥಿಯಲ್ಲಿ ಸಣ್ಣ ಕಿಟಕಿ ಕೊರೆದು, ಸಿಲಿಕೋನ್ ತುಂಡು ಇಟ್ಟು, ನಿಂತ ತಂತುವನ್ನು ನಡುವಿಗೆ ತಳ್ಳುತ್ತಾರೆ. ಸಾಮಾನ್ಯವಾಗಿ ರೋಗಿ ಎಚ್ಚರವಿರುತ್ತಾರೆ. 'ಈ' ಅನ್ನಿಸುತ್ತಾರೆ, ದನಿ ಕೇಳಿ ತುಂಡನ್ನು ಹೊಂದಿಸುತ್ತಾರೆ. ಕಿವಿಯಿಂದ ಕಲಿಯುವ ಆಪರೇಷನ್. ನಮ್ಮನ್ನು ನಿಲ್ಲಿಸಿದ್ದು ಗಾಜಿನ ಬಾಗಿಲ ಆಚೆ. ಒಳಗೆ ಜನ ಜಾಸ್ತಿ ಎಂದರು. ಆ ಹೆಂಗಸಿನ ತುಟಿ ಆಡುವುದು ಕಂಡಿತು, ಸರ್ಜನ್ ತಲೆಯಾಡಿಸಿದ್ದು ಕಂಡಿತು, ಒಂದು ಸ್ವರವೂ ಕೇಳಿಸಲಿಲ್ಲ. ಎರಡು ವಾರದಲ್ಲಿ ಅಷ್ಟು ಹೊಟ್ಟೆ ಉರಿದದ್ದು ಬೇರೆ ಯಾವಾಗಲೂ ಅಲ್ಲ.

ದುಡ್ಡು ವಾಪಸ್ ಕೇಳಿದೆ. 'ಸರ್ಟಿಫಿಕೇಟ್ ಕೊಟ್ಟಿದ್ದೇವಲ್ಲ ಸರ್?' ಆಮೇಲೆ ನನ್ನ ನಂಬರ್ ಬ್ಲಾಕ್.

ಹೋಗುವವರು ದಯವಿಟ್ಟು ವಿಡಿಯೋ ಕಾಲ್‌ನಲ್ಲಿ ಮೆಷಿನ್ ಆನ್ ಮಾಡಿಸಿ ನೋಡಿ. ದೊಡ್ಡ ಡಾಕ್ಟರ್ ಯಾವ ತಾರೀಖು ಇರುತ್ತಾರೆ, ಥಿಯೇಟರ್ ಒಳಗೆ ಬಿಡುತ್ತಾರಾ, ಬರೆಸಿಕೊಳ್ಳಿ. ಪೂರ್ತಿ ದುಡ್ಡು ಮುಂಚೆ ಕೊಡಲೇಬೇಡಿ. ಅಲ್ಲಿ ಮುಗಿಸಿ ಬಂದವರ ಜೊತೆ ಫೋನಿನಲ್ಲಿ ಮಾತಾಡಿ. ನಾನು ಮಾತಾಡಲಿಲ್ಲ.

ವಾಪಸ್ ಬಂದ ಮರುದಿನವೇ ಭಾಗವತರು ಬಂದರು. ಕುರ್ಚಿಯಲ್ಲಿ ಕೂತು, ನಾನು ಹೇಳುವ ಮೊದಲೇ ಬಾಯಿ ತೆರೆದರು. 'ಕಲಿತು ಬಂದ್ರಲ್ಲ, ಈಗ ನೋಡಿ' ಎಂದರು. ನನ್ನ ಕೈಯಲ್ಲಿ ಅದೇ ಹಳೇ ಸ್ಕೋಪ್. ಬೇರೆ ಊರಿಗೆ ಚೀಟಿ ಬರೆದು ಕಳಿಸಿದೆ. ಮೇಳದ ತಿರುಗಾಟ ಶುರುವಾಗಲು ಇನ್ನು ಎರಡೇ ತಿಂಗಳಿದೆ.