14 ಅಡಿ ಕಯಾಕ್ ನಕ್ಷೆ, 11 ಅಡಿ ದೋಣಿ: ಕಾರಂಜಾದಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಇದು ದುಡ್ಡು ಕೊಟ್ಟು ಕೊಂಡ ನಕ್ಷೆಯ ವಿಮರ್ಶೆ. ಪ್ಲೈವುಡ್ ಹಲಗೆಗಳನ್ನು ತಂತಿಯಿಂದ ಹೊಲಿದು, ಸಂದಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿ ಮನೆಯಲ್ಲೇ ಕಟ್ಟುವ ಫಿಶಿಂಗ್ ಕಯಾಕ್, ಅಂದರೆ ಒಬ್ಬರು ಕೂತು ಹುಟ್ಟು ಹಾಕಿ ಮೀನು ಹಿಡಿಯುವ ಕಿರಿದಾದ ದೋಣಿ. ನಕ್ಷೆಯಲ್ಲಿರುವ ಉದ್ದ 14 ಅಡಿ, ಅಗಲ 32 ಇಂಚು. ಬೀದರಿನ ನಮ್ಮ ಓಣಿಯಲ್ಲಿ ಅಷ್ಟುದ್ದದ ದೋಣಿ ಮೂಲೆ ತಿರುಗುವುದೇ ಇಲ್ಲ. ಬೇಸಿಗೆಯಲ್ಲಿ ಕಾರಂಜಾ ಜಲಾಶಯದ ನೀರು ಹಿಂದೆ ಸರಿದಾಗ ಅದನ್ನು ಒಬ್ಬರೇ ಹೊತ್ತು ನಡೆಯುವುದೂ ಆಗದ ಮಾತು. ಅದಕ್ಕೇ ಚಿಕ್ಕದು ಮಾಡಿ ಕಟ್ಟಿದೆ.

ಚಿಕ್ಕದು ಮಾಡುವುದು ಅಂದರೆ ಝೆರಾಕ್ಸ್ ಅಂಗಡಿಯಲ್ಲಿ 80 ಪರ್ಸೆಂಟ್ ಒತ್ತಿದ ಹಾಗೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಉದ್ದ, ಅಗಲ, ಎತ್ತರ ಮೂರನ್ನೂ 0.8ಕ್ಕೆ ಇಳಿಸಿದರೆ ನೀರು ಹೊರುವ ತೂಕ 0.512ಕ್ಕೆ ಬೀಳುತ್ತದೆ, ಅಂದರೆ ಸುಮಾರು ಅರ್ಧ. ಈ ನಕ್ಷೆಯ ದೋಣಿ ಎಲ್ಲ ಸೇರಿ 200 ಕೆ.ಜಿ. ತಡೆಯುತ್ತದೆ. ಎಲ್ಲ ಕಡೆ ಇಳಿಸಿದರೆ 102 ಕೆ.ಜಿ. ನನ್ನ ತೂಕ 75, ದೋಣಿ 22, ಸಾಮಾನು 12. ಅಲ್ಲಿಗೇ 109 ಆಯಿತು! ಉದ್ದ ಮಾತ್ರ ಇಳಿಸಿದರೆ 160 ಕೆ.ಜಿ. ಉಳಿಯುತ್ತದೆ.

ಇನ್ನೂ ದೊಡ್ಡ ವಿಷಯ ಅಗಲ. ದೋಣಿ ಪಕ್ಕಕ್ಕೆ ವಾಲದಂತೆ ಹಿಡಿಯುವ ಬಲ ಅಗಲದ ಘನದ ಲೆಕ್ಕದಲ್ಲಿ ಬದಲಾಗುತ್ತದೆ. 32 ಇಂಚನ್ನು ಇಪ್ಪತ್ತೈದೂವರೆಗೆ ತಂದರೆ ಆ ಬಲ ಅರ್ಧಕ್ಕೆ ಇಳಿಯುತ್ತದೆ. ಕೂತಿರುವ ನಿಮ್ಮ ಎತ್ತರ ಮಾತ್ರ ಅಷ್ಟೇ ಇರುತ್ತದೆ, ಅಲ್ವಾ? ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಇದನ್ನೇ ಒಂದೇ ಮಾತಲ್ಲಿ ಹೇಳಿದರು: "ನಮ್ ತೆಪ್ಪ ಅಗಲ ಅದ ತಮ್ಮಾ. ಅದಕ್ಕೇ ಒಳಗ ನಿಂತು ಬಲಿ ಒಗಿತೀವಿ."

ಹಾಗಾಗಿ ಅಡ್ಡ ಚೌಕಟ್ಟುಗಳನ್ನು ನಕ್ಷೆಯ ಅಳತೆಯಲ್ಲೇ ಕತ್ತರಿಸಿದೆ. ಅವುಗಳ ನಡುವಿನ 24 ಇಂಚು ಅಂತರವನ್ನು 19 ಇಂಚು ಚಿಲ್ಲರೆಗೆ ತಂದೆ. ಒಟ್ಟು ಉದ್ದ 11 ಅಡಿ 2 ಇಂಚು. ಹೀಗೆ ಮಾಡಿದಾಗ ಪಕ್ಕದ ಹಲಗೆಗಳ ಆಕಾರ ಬದಲಾಗುತ್ತದೆ, ನಕ್ಷೆಯ ಅಚ್ಚು ಹಾಗೇ ಹೊಂದುವುದಿಲ್ಲ. ಮೊದಲು ದಪ್ಪ ರಟ್ಟಿನಲ್ಲಿ ಸಣ್ಣ ಮಾದರಿ ಮಾಡಿಕೊಳ್ಳಿ. ಹಲಗೆ ಎಲ್ಲಿ ಸಾಲದು, ಎಲ್ಲಿ ಜಾಸ್ತಿ ಅಂತ ಅದರಲ್ಲೇ ಗೊತ್ತಾಗುತ್ತದೆ. ಮೂತಿಯ ಹತ್ತಿರ ತಿರುವು ಬಿಗಿಯಾಗುವುದರಿಂದ 6 ಎಂ.ಎಂ. ಪ್ಲೈ ಬಾಗಲಿಲ್ಲ. ಐ.ಎಸ್. 710 ಗುರುತಿನ (ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡ) 4 ಎಂ.ಎಂ. ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ ತಂದು, ಒಳಗೂ ಹೊರಗೂ ಗ್ಲಾಸ್ ಬಟ್ಟೆ ಹಾಕಿದೆ. ಶೀಟು ಬರುವುದೇ 8 ಅಡಿ, ಹಾಗಾಗಿ ಒಂದು ಜೋಡಣೆ ತಪ್ಪಿದ್ದಲ್ಲ. ಹೊಲಿಯುವ ತಾಮ್ರದ ತಂತಿ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲೇ ಸಿಗುತ್ತದೆ.

ನಮ್ಮ ಬಿಸಿಲಿನ ಬಗ್ಗೆ ನಕ್ಷೆಯಲ್ಲಿ ಒಂದು ಸಾಲೂ ಇಲ್ಲ. ಇದು ನನ್ನ ದೊಡ್ಡ ದೂರು. ಏಪ್ರಿಲ್, ಮೇನಲ್ಲಿ ಎಪಾಕ್ಸಿ ಡಬ್ಬಿಯಲ್ಲೇ ಕಾದು ಗಟ್ಟಿಯಾಗುತ್ತದೆ. ನಿಧಾನದ ಹಾರ್ಡನರ್ (ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ದ್ರವ) ತಗೊಳ್ಳಿ, ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ, ಬೆಳಗಿನ ಹೊತ್ತೇ ಕೆಲಸ ಮುಗಿಸಿ. ಬಣ್ಣ ಬಿಳಿಯೇ ಇರಲಿ. ಗಾಢ ಬಣ್ಣ ಬಿಸಿಲಲ್ಲಿ ಕಾದರೆ ಎಪಾಕ್ಸಿ ಮೆತ್ತಗಾಗುತ್ತದೆ, ಬಣ್ಣವೇ ಇಲ್ಲದಿದ್ದರೆ ಬಿಸಿಲು ಅದನ್ನು ತಿಂದುಹಾಕುತ್ತದೆ. ಮುಂದೆ ಹಿಂದೆ ಇರುವ ಗಾಳಿ ತುಂಬಿದ ಕೋಣೆಗಳನ್ನು ಪೂರ್ತಿ ಮುಚ್ಚಲು ನಕ್ಷೆ ಹೇಳುತ್ತದೆ. ಬಿಸಿಲಲ್ಲಿ ಗಾಳಿ ಹಿಗ್ಗಿ ಸಂದಿಯನ್ನು ಒತ್ತುತ್ತದೆ. ನಾನು ಪ್ರತಿ ಕೋಣೆಗೂ ಮುಚ್ಚಳದ ಸಣ್ಣ ತೂತು ಇಟ್ಟಿದ್ದೇನೆ. ದಂಡೆಗೆ ಬಂದ ಕೂಡಲೇ ತೆಗೆದಿಡುತ್ತೇನೆ, ನೀರಿಗಿಳಿಯುವ ಮೊದಲು ಬಿಗಿ ಮಾಡುತ್ತೇನೆ.

ನೀರಲ್ಲಿ ಹೇಗಿದೆ? ಕೂತು ಗಾಳ ಹಾಕಲು ತುಂಬಾ ಗಟ್ಟಿ. ಪಕ್ಕಕ್ಕೆ ಬಾಗಿ ಕಟ್ಲಾ ಮೀನು ಎತ್ತಿದರೂ ಹೆದರಿಕೆ ಆಗುವುದಿಲ್ಲ. ವೇಗ ಕಡಿಮೆಯಾಯಿತೇ ಅಂತ ಕೇಳುವವರಿಗೆ: ಲೆಕ್ಕದ ಪ್ರಕಾರ ಮಿತಿ ಗಂಟೆಗೆ 9.3 ಕಿ.ಮೀ.ಯಿಂದ 8.3ಕ್ಕೆ ಇಳಿದಿದೆ. ನಾವು ಹುಟ್ಟು ಹಾಕುವುದೇ ಐದರ ಆಸುಪಾಸಿನಲ್ಲಿ, ಹಾಗಾಗಿ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುವುದು ನೇರ ಹೋಗುವುದರಲ್ಲಿ. ಉದ್ದ ಕಡಿಮೆಯಾದ ದೋಣಿಯ ಮೂತಿ ಪ್ರತಿ ಹುಟ್ಟಿಗೂ ಅತ್ತಿತ್ತ ಹೊರಳುತ್ತದೆ. ಮಳೆಗಾಲದ ಗಾಳಿ ಎದ್ದರಂತೂ ಕೈ ಸೋಲುತ್ತದೆ. ಹಿಂಬದಿ ತಳಕ್ಕೆ ಒಂದು ಸಣ್ಣ ರೆಕ್ಕೆ ಕೂರಿಸಿದ ಮೇಲೆ ಎಷ್ಟೋ ಸರಿಹೋಯಿತು. ಅದಿಲ್ಲದೆ ಚಿಕ್ಕ ಅಳತೆ ಕಟ್ಟಲೇಬೇಡಿ.

ಕಲ್ಲಿನ ದಂಡೆಯಲ್ಲಿ ಎಳೆದು ಎಳೆದು ತಳದ ಗ್ಲಾಸ್ ಸವೆಯುತ್ತದೆ. ವರ್ಷಕ್ಕೊಮ್ಮೆ ಉಜ್ಜಿ, ನಡುಗೆರೆಗೆ ಹೊಸ ಪಟ್ಟಿ ಹಾಕುತ್ತೇನೆ. ಸಂದಿಗಳು ಇವತ್ತಿಗೂ ಬಿಟ್ಟಿಲ್ಲ. ನಕ್ಷೆಯ ಬುಡ ಗಟ್ಟಿ ಇದೆ ಅನ್ನಲು ಇದೇ ಸಾಕ್ಷಿ.

ನಿಮ್ಮ ತೂಕ 90 ದಾಟಿದ್ದರೆ 12 ಅಡಿಗಿಂತ ಕೆಳಗೆ ಇಳಿಸಬೇಡಿ. ಜಲಾಶಯದಲ್ಲಿ ಮೀನು ಹಿಡಿಯಲು ಅನುಮತಿ ಕೇಳಿಕೊಂಡೇ ಇಳಿಯಿರಿ, ಲೈಫ್ ಜಾಕೆಟ್ ಇಲ್ಲದೆ ಮಾತ್ರ ಬೇಡ. ಚೌಕಟ್ಟಿನ ಹೊಸ ಅಂತರಗಳನ್ನು ಬರೆದಿಟ್ಟುಕೊಂಡಿದ್ದೇನೆ, ಇದೇ ನಕ್ಷೆ ಕೊಂಡವರು ಕೇಳಿದರೆ ಖುಷಿಯಿಂದ ಕೊಡುತ್ತೇನೆ.