ಯೆಜ್ಡಿಗೆ 12 ವೋಲ್ಟ್ ಇಗ್ನಿಷನ್ ಕಿಟ್: ವರ್ಷಗಟ್ಟಲೆ ಬಳಸಿದ ಮೇಲೆ ಒಂದಿಷ್ಟು ಮಾತು

ಮೊದಲೇ ಹೇಳಿಬಿಡುತ್ತೇನೆ, ಈ ಕಿಟ್ ಹಾಕಿದರೆ ಗಾಡಿ ಜೋರಾಗಿ ಓಡುವುದಿಲ್ಲ. ಪಿಕಪ್ ಅಷ್ಟೇ ಇರುತ್ತದೆ, ಮೈಲೇಜೂ ಅಷ್ಟೇ. ಪವರ್ ಜಾಸ್ತಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಸರಿಯಾಗಿ ಸೆಟ್ ಮಾಡಿದ ಪಾಯಿಂಟಿನಲ್ಲಿ (ಸರಿಯಾದ ಹೊತ್ತಿಗೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಹಳೇ ಕಾಲದ ಸ್ವಿಚ್ಚು) ಓಡುವ ಇಂಜಿನ್ನಿಗೂ ಇದರಲ್ಲಿ ಓಡುವ ಇಂಜಿನ್ನಿಗೂ ಸೀಟಿನ ಮೇಲೆ ಕೂತವರಿಗೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಪಾಯಿಂಟ್ ಸರಿಯಾಗಿ ಸೆಟ್ ಆಗಿಯೇ ಇರಬೇಕಲ್ಲ, ಕಷ್ಟ ಇರುವುದು ಅಲ್ಲಿ.

ನನ್ನದು ಯೆಜ್ಡಿ ಕ್ಲಾಸಿಕ್ 250. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಗಾಡಿ. 1961ರಲ್ಲಿ ಅಲ್ಲಿ ಜಾವಾ ತಯಾರಿಕೆ ಶುರುವಾಯಿತು, 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಎರಡು ಸ್ಟ್ರೋಕು, ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಮಾತ್ರ ಎರಡು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಇದೆಲ್ಲ ಯೆಜ್ಡಿ ಇಟ್ಟುಕೊಂಡವರಿಗೆ ಗೊತ್ತಿರುವ ವಿಷಯ, ಇಲ್ಲದವರಿಗೆ ಎಷ್ಟು ಹೇಳಿದರೂ ಮುಗಿಯುವುದಿಲ್ಲ. ಹಾಗಾಗಿ ಕಿಟ್ ವಿಷಯಕ್ಕೇ ಬರುತ್ತೇನೆ.

ಡಬ್ಬದಲ್ಲಿ ಬರುವುದು ಇಷ್ಟು: ಇಂಜಿನ್ನಿನ ಜೊತೆ ತಿರುಗುವ, ಆಯಸ್ಕಾಂತ ಕೂರಿಸಿದ ರೋಟರ್, ಅಲುಗಾಡದೆ ನಿಲ್ಲುವ, ಕಾಯಿಲ್‌ಗಳಿರುವ ಸ್ಟೇಟರ್ ಪ್ಲೇಟ್, ಹೊಸ ಇಗ್ನಿಷನ್ ಕಾಯಿಲ್, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್, ಒಂದಿಷ್ಟು ವೈರು. ಬಲಗಡೆ ಕವರ್ ಒಳಗಿನ ಡೈನಮೋ, ಪಾಯಿಂಟ್, ಕಂಡೆನ್ಸರ್ ಪೂರ್ತಿ ಹೊರಗೆ ಬರುತ್ತವೆ. ಆ ಜಾಗದಲ್ಲಿ ಇದು ಕೂರುತ್ತದೆ. ಹಳೇ 6 ವೋಲ್ಟ್ ಗಾಡಿ 12 ವೋಲ್ಟ್ ಆಗುತ್ತದೆ. ಇಂಜಿನ್ ಕೊರೆಯುವುದು, ಕತ್ತರಿಸುವುದು ಏನೂ ಇಲ್ಲ. ನನಗೆ ಇದು ಮುಖ್ಯ. ವಾಪಸ್ ಹೋಗುವ ದಾರಿ ಮುಚ್ಚುವ ಯಾವ ಅಪ್‌ಗ್ರೇಡೂ ನನಗೆ ಬೇಡ.

ಹಳೆಯ ವ್ಯವಸ್ಥೆಯನ್ನು ಯಾಕೆ ತೆಗೆಯಬೇಕು ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಹಾಕೋಣ. ಆ ಡೈನಮೋ ಕೊಡುವುದು 45 ವ್ಯಾಟ್. ಹೆಡ್‌ಲೈಟ್ ಬಲ್ಬ್ ಒಂದೇ 35 ವ್ಯಾಟ್ ತಿನ್ನುತ್ತದೆ. ಉಳಿದ 10 ವ್ಯಾಟಿನಲ್ಲಿ ಟೇಲ್ ಲೈಟು, ಇಗ್ನಿಷನ್ ಕಾಯಿಲು, ಬ್ಯಾಟರಿ ಚಾರ್ಜು ಎಲ್ಲಾ ಆಗಬೇಕು. ಐಡಲಿನಲ್ಲಿ ಅಷ್ಟೂ ಬರುವುದಿಲ್ಲ. ಅಂದರೆ ರಾತ್ರಿ ಟ್ರಾಫಿಕ್ಕಿನಲ್ಲಿ ನಿಂತಾಗ ಗಾಡಿ ಬ್ಯಾಟರಿಯ ಸಾಲದ ಮೇಲೆ ಬದುಕುತ್ತಿರುತ್ತದೆ. ಇಂಜಿನ್ನಿನ ಕಿಡಿಯೂ ಅದೇ ಬ್ಯಾಟರಿಯಿಂದ ಬರಬೇಕು. ಬ್ಯಾಟರಿ ಇಳಿದರೆ ಲೈಟ್ ಮಾತ್ರ ಹೋಗುವುದಿಲ್ಲ, ಗಾಡಿಯೇ ನಿಲ್ಲುತ್ತದೆ.

ಇನ್ನು 6 ವೋಲ್ಟಿನ ದೊಡ್ಡ ಕಾಟ ವೈರಿಂಗಿನಲ್ಲಿದೆ. 35 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಬೇಕು. 12 ವೋಲ್ಟಿನಲ್ಲಿ 3 ಸಾಕು. ಹಳೇ ಸ್ವಿಚ್ಚು, ತುಕ್ಕು ಹಿಡಿದ ಕನೆಕ್ಟರು, ಅರ್ಧ ಮುರಿದ ವೈರು ಎಲ್ಲಾ ಸೇರಿ 0.2 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. 6 ವೋಲ್ಟಿನಲ್ಲಿ 1.2 ವೋಲ್ಟ್ ದಾರಿಯಲ್ಲೇ ಹೋಯಿತು, ಐದರಲ್ಲಿ ಒಂದು ಪಾಲು. 12 ವೋಲ್ಟಿನಲ್ಲಿ ಹೋಗುವುದು 0.6, ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ವೋಲ್ಟೇಜ್ ಸ್ವಲ್ಪ ಕಮ್ಮಿಯಾದರೂ ಬಲ್ಬಿನ ಬೆಳಕು ಸಿಕ್ಕಾಪಟ್ಟೆ ಇಳಿಯುತ್ತದೆ. ಹಳೇ ಜಾವಾ, ಯೆಜ್ಡಿಗಳ ಹೆಡ್‌ಲೈಟನ್ನು ಜನ ಎಣ್ಣೆ ದೀಪ ಅಂತ ಆಡಿಕೊಳ್ಳುವುದು ಸುಮ್ನೆ ಅಲ್ಲ. ಆದರೆ ಬೈಗುಳ ಎಲ್ಲಾ ಬಲ್ಬಿಗೆ ಬೀಳುತ್ತದೆ, ತಪ್ಪು ಇರುವುದು ವೈರಿಂಗಿನಲ್ಲಿ.

ಪಾಯಿಂಟಿನ ಕಥೆ ಬೇರೆ. ಕ್ಯಾಮ್ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ಸವೆಯುತ್ತಾ ಹೋದಂತೆ ಗ್ಯಾಪ್ ಕಮ್ಮಿಯಾಗುತ್ತದೆ. ಗ್ಯಾಪ್ ಕಮ್ಮಿಯಾದರೆ ಪಾಯಿಂಟ್ ತಡವಾಗಿ ತೆರೆದುಕೊಳ್ಳುತ್ತದೆ. ಕಿಡಿಯೂ ತಡ. ಗಾಡಿ ಒಂದೇ ದಿನ ಹಾಳಾಗುವುದಿಲ್ಲ, ನಿಧಾನವಾಗಿ ಮಂಕಾಗುತ್ತದೆ, ಇಂಜಿನ್ ಬಿಸಿ ಜಾಸ್ತಿ ಆಗುತ್ತದೆ. ದಿನಾ ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಫೀಲರ್ ಗೇಜ್ ಹಿಡಿದು 0.4 ಮಿ.ಮೀ. ಹತ್ತಿರ ತಂದು, ಟೈಮಿಂಗ್ ನೋಡಿ, ಕ್ಯಾಮಿನ ಫೆಲ್ಟಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಗಾಡಿಗೆ ಮತ್ತೆ ಜೀವ ಬರುತ್ತದೆ. ಈ ಕೆಲಸ ನನಗೆ ಇಷ್ಟವೇ. ಪಾಯಿಂಟಿನ ಬಾಯಲ್ಲೇ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಮಾತ್ರ ಇಷ್ಟ ಇಲ್ಲ. ತಣ್ಣಗಿರುವಾಗ ಎಲ್ಲಾ ಸರಿ, ಬಿಸಿಯಾದ ಮೇಲೆ ಒಮ್ಮೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಒಂದೇ ಕಿಕ್‌ಗೆ ಸ್ಟಾರ್ಟ್! ಹೊಸ ಕಂಡೆನ್ಸರ್ ತಂದರೆ ಅದು ಹಳೆಯದಕ್ಕಿಂತ ಕೆಟ್ಟದಾಗಿರುತ್ತದೆ. ನಾನು ಕಿಟ್ ತರಿಸಿದ್ದು ನಿಜವಾಗಿ ಇದಕ್ಕೆ. ಬೆಳಕು ಬಂದದ್ದು ಲಾಭ.

ಈಗ ಕಿಟ್ ಹಾಕಲು ಹೊರಟವರಿಗೆ ಮುಖ್ಯವಾದ ಮಾತು: ಇದನ್ನು ಕೊನೆಗೆ ಹಾಕಿ. ಹಳೇ ಗಾಡಿ ತಂದ ಕೂಡಲೇ ಮೊದಲ ಖರ್ಚು ಇದಕ್ಕೇ ಮಾಡುವವರಿದ್ದಾರೆ. ಕ್ರ್ಯಾಂಕಿನ ಬೇರಿಂಗ್ ಸವೆದಿದ್ದರೆ ರೋಟರ್ ಅಲುಗಾಡಿ ಸ್ಟೇಟರಿಗೆ ತಾಗುತ್ತದೆ, ಹೊಸ ಕಿಟ್ಟು ಉಜ್ಜಿಹೋಗುತ್ತದೆ. ಡೈನಮೋ ತೆಗೆದ ಮೇಲೆ ಕ್ರ್ಯಾಂಕಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಆಟ ಕೈಗೆ ಸಿಕ್ಕಿತೋ, ಕಿಟ್ ಡಬ್ಬ ಮುಚ್ಚಿಟ್ಟು ಮೊದಲು ಇಂಜಿನ್ ಬಿಚ್ಚಿಸಿ.

ಅಲ್ಲೇ ಹಿಂದೆ ಆಯಿಲ್ ಸೀಲ್ ಇದೆ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಪೆಟ್ರೋಲು, ಗಾಳಿಯ ಮಿಶ್ರಣವನ್ನು ಸಿಲಿಂಡರಿಗೆ ತಳ್ಳುವ ಪಂಪು ಕ್ರ್ಯಾಂಕ್‌ಕೇಸೇ. ಬಲಗಡೆಯ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಮಿಶ್ರಣ ತೆಳುವಾಗುತ್ತದೆ, ಆಕ್ಸಲರೇಟರ್ ಬಿಟ್ಟರೂ ಇಂಜಿನ್ ಕೆಳಗಿಳಿಯದೆ ಕೂಗುತ್ತಲೇ ಇರುತ್ತದೆ, ಪಿಸ್ಟನ್ ಜಾಮ್ ಆಗುವವರೆಗೂ ಹೋಗಬಹುದು. ಎಡಗಡೆಯ ಸೀಲ್ ಹೋದರೆ ಗೇರ್‌ಬಾಕ್ಸ್ ಎಣ್ಣೆ ಎಳೆದುಕೊಂಡು ಹೊಗೆ ಕಾರುತ್ತದೆ. ಎರಡನ್ನೂ ಜನ ಇಗ್ನಿಷನ್ ತೊಂದರೆ ಅಂದುಕೊಂಡು ಕಾಯಿಲ್ ಮೇಲೆ ಕಾಯಿಲ್ ಬದಲಿಸುತ್ತಾರೆ. ಕಿಟ್ ಹಾಕುವಾಗ ಬಲಗಡೆಯ ಸೀಲ್ ಹೇಗೂ ಕಣ್ಣೆದುರು ಇರುತ್ತದೆ. ಅದರ ಬೆಲೆ ಕಿಟ್ಟಿನ ಮುಂದೆ ಏನೂ ಅಲ್ಲ. ಚೆನ್ನಾಗಿ ಕಂಡರೂ ಬದಲಿಸಿಬಿಡಿ.

ಕೂರಿಸುವುದು ಕಷ್ಟ ಅಲ್ಲ, ಆದರೆ ಅವಸರಕ್ಕೆ ಆಗುವ ಕೆಲಸವೂ ಅಲ್ಲ. ನನ್ನ ಕಿಟ್ಟಿನ ರೋಟರಿಗೆ ಕೀ (ಜಾರದಂತೆ ಹಿಡಿಯುವ ಲೋಹದ ಚೂರು) ಇಲ್ಲ. ಕ್ರ್ಯಾಂಕಿನ ಮೊನಚು ತುದಿಯ ಹಿಡಿತದ ಮೇಲೇ ಅದು ನಿಲ್ಲಬೇಕು. ಅಲ್ಲಿ ಎಣ್ಣೆ ಜಿಡ್ಡು, ತುಕ್ಕು, ಗೀರು ಇದ್ದರೆ ಜಾರುತ್ತದೆ, ಜಾರಿದರೆ ಟೈಮಿಂಗ್ ಹೋಯಿತು. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ರೋಟರನ್ನು ಆ ತುದಿಯ ಮೇಲೆ ಕೈಯಿಂದಲೇ ಆಚೀಚೆ ತಿರುಗಿಸಿದರೆ ಎರಡೂ ಒಂದಕ್ಕೊಂದು ಹೊಂದುತ್ತವೆ. ಆಮೇಲೆ ಪೇಸ್ಟ್ ಒಂದು ಕಣ ಉಳಿಯದಂತೆ ಒರೆಸಿ, ಥಿನ್ನರ್ ಹಾಕಿ ಒಣಗಿಸಿ, ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಬೇಕು. ಟೈಮಿಂಗಿಗೆ ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು ಪಿಸ್ಟನ್ ಮೇಲ್ತುದಿ ಹುಡುಕಿ, ಕೈಪಿಡಿ ಹೇಳಿದಷ್ಟು ಮಿಲಿಮೀಟರ್ ಹಿಂದಕ್ಕೆ ತಂದು, ಗುರುತುಗಳನ್ನು ಎದುರುಬದುರು ತರುವುದು. ಸ್ಕ್ರೂಡ್ರೈವರ್ ಇಳಿಬಿಟ್ಟು ಅಂದಾಜು ಮಾಡುವವರು ಇದ್ದಾರೆ. ಬೇಡ. ರೋಟರ್ ತೆಗೆಯಬೇಕಾದರೆ ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಏಟು ಬಿದ್ದರೆ ಒಳಗಿನ ಆಯಸ್ಕಾಂತ ಕಿತ್ತುಬರುತ್ತದೆ.

ವೈರಿಂಗಿನಲ್ಲಿ ತಲೆ ಉಲ್ಟಾ ಮಾಡಿಕೊಳ್ಳಬೇಕಾದ ಜಾಗ ಒಂದಿದೆ. ಹಳೆಯದರಲ್ಲಿ ಕೀಲಿ ಹಾಕಿದರೆ ಕಾಯಿಲಿಗೆ ಕರೆಂಟ್ ಹೋಗುತ್ತದೆ, ತೆಗೆದರೆ ನಿಲ್ಲುತ್ತದೆ. ಇದರಲ್ಲಿ ಕಿಡಿಗೆ ಬೇಕಾದ ಕರೆಂಟ್ ಸ್ಟೇಟರಿನಲ್ಲೇ ಹುಟ್ಟುತ್ತದೆ. ಇಂಜಿನ್ ನಿಲ್ಲಿಸಬೇಕಾದರೆ ಒಂದು ವೈರನ್ನು ಚಾಸಿಗೆ ತಾಗಿಸಬೇಕು. ಅಂದರೆ ಸ್ವಿಚ್ ಕೆಲಸ ಪೂರ್ತಿ ಉಲ್ಟಾ. ಇದರಿಂದ ಒಂದು ಸುಖ, ಬ್ಯಾಟರಿ ಸತ್ತರೂ, ಬ್ಯಾಟರಿ ಇಲ್ಲದೇ ಇದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ. ಒಂದು ಕಿರಿಕಿರಿಯೂ ಇದೆ. ಆ ವೈರು ಎಲ್ಲಾದರೂ ಸವೆದು ಚಾಸಿಗೆ ತಾಗಿದರೆ ಕಿಡಿ ಮಾಯ. ಕಿಡಿ ಇಲ್ಲ ಅಂತಾದರೆ ಮೊದಲು ಆ ಒಂದು ವೈರನ್ನು ಬಿಡಿಸಿ ಕಿಕ್ ಮಾಡಿ ನೋಡಿ.

ಇನ್ನೊಂದು, ಅರ್ಥ್, ಅಂದರೆ ಕರೆಂಟ್ ಚಾಸಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ರೆಸ್ಟೋರ್ ಮಾಡಿಸಿದ ಗಾಡಿಗಳಲ್ಲಿ ಇದೇ ದೊಡ್ಡ ತಲೆನೋವು. ಚಾಸಿಗೆ ಚೆಂದದ ಪೌಡರ್ ಕೋಟಿಂಗ್ ಆಗಿರುತ್ತದೆ, ಹೊಳೆಯುತ್ತಿರುತ್ತದೆ, ಕರೆಂಟ್ ಮಾತ್ರ ಹರಿಯುವುದಿಲ್ಲ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆಯಲು ಮನಸ್ಸು ಬರುವುದಿಲ್ಲ ಅಲ್ವಾ? ಹಾಗಾದರೆ ಇಂಜಿನ್, ರೆಗ್ಯುಲೇಟರ್, ಹೆಡ್‌ಲೈಟ್ ಮೂರಕ್ಕೂ ಬ್ಯಾಟರಿಯಿಂದ ಬೇರೆಯೇ ದಪ್ಪ ಕಪ್ಪು ವೈರು ಎಳೆಯಿರಿ. ಬ್ಯಾಟರಿಯ ನೆಗೆಟಿವ್ ಚಾಸಿಗೆ ಹೋಗಿದೆಯಾ ಅಂತಲೂ ನೋಡಿಕೊಳ್ಳಿ. ಹಿಂದೆ ಯಾರೋ ಉಲ್ಟಾ ಜೋಡಿಸಿದ್ದರೆ ರೆಗ್ಯುಲೇಟರ್ ಮೊದಲ ನಿಮಿಷದಲ್ಲೇ ಹೋಗುತ್ತದೆ.

ಬಲ್ಬು ಎಲ್ಲಾ 12 ವೋಲ್ಟಿನದು ಆಗಬೇಕು, ಹಾರ್ನೂ ಸೇರಿ. ಹೆಡ್‌ಲೈಟಿಗೆ ನಾನು ಅದೇ 35/35 ವ್ಯಾಟಿನ ಮಾಮೂಲಿ ಬಲ್ಬ್ ಹಾಕಿದ್ದೇನೆ. ಎಲ್‌ಇಡಿ ಪ್ರಯತ್ನಿಸಿ ಬಿಟ್ಟೆ. ಹಳೇ ರಿಫ್ಲೆಕ್ಟರ್ ಮಾಡಿರುವುದು ಒಂದು ತಂತಿಯ ಬೆಳಕಿಗೆ. ಎಲ್‌ಇಡಿ ಹಾಕಿದರೆ ಬೆಳಕೇನೋ ಬೆಳ್ಳಗೆ ಬರುತ್ತದೆ, ರಸ್ತೆ ಮೇಲೆ ಬೀಳುವುದಕ್ಕಿಂತ ಎದುರು ಬರುವವರ ಕಣ್ಣಿಗೆ ಬೀಳುವುದೇ ಜಾಸ್ತಿ. ಪ್ಲಗ್ ಕ್ಯಾಪ್ ರೆಸಿಸ್ಟರ್ ಇರುವುದನ್ನೇ ಹಾಕಿ, 5 ಕಿಲೋಓಮ್ ಸಾಕು. ಇಲ್ಲದಿದ್ದರೆ ಈ ಇಗ್ನಿಷನ್ನಿನ ಗಲಾಟೆಗೆ ಪಕ್ಕದ ಎಲೆಕ್ಟ್ರಾನಿಕ್ಸ್ ತಬ್ಬಿಬ್ಬಾಗುತ್ತದೆ. ಕ್ಯಾಪಿನಲ್ಲಿ ರೆಸಿಸ್ಟರ್ ಇದ್ದರೆ ಪ್ಲಗ್ ರೆಸಿಸ್ಟರ್ ಇಲ್ಲದ್ದು ಇರಲಿ.

ಈಗ ದೂರುಗಳು. ಕಂಪನಿಯ ಹೆಸರು ಬೇಡ. ಜೊತೆಗೆ ಬಂದ ವೈರಿಂಗ್ ನಕ್ಷೆಯಲ್ಲಿ ಒಂದು ಬಣ್ಣ, ಡಬ್ಬದ ವೈರಿನಲ್ಲಿ ಇನ್ನೊಂದು ಬಣ್ಣ. ಮಲ್ಟಿಮೀಟರ್ ಹಿಡಿದು ಒಂದೊಂದೇ ಹುಡುಕಬೇಕಾಯಿತು. ರೆಗ್ಯುಲೇಟರಿನ ಕನೆಕ್ಟರ್ ಅಗ್ಗದ್ದು. ಮಳೆಗಾಲ ಕಳೆದ ಮೇಲೆ ನೋಡಿದರೆ ಪಿನ್ ಹಸಿರು ಹಿಡಿದು, ಬಿಸಿಯಾಗಿ ಪ್ಲಾಸ್ಟಿಕ್ ಕರಗಿತ್ತು. ನೀರು ಹೋಗದ ಕನೆಕ್ಟರ್ ಬೇರೆ ಹಾಕಿದೆ, ಆಮೇಲೆ ತೊಂದರೆ ಇಲ್ಲ. ರೆಗ್ಯುಲೇಟರನ್ನು ಸೀಟಿನ ಕೆಳಗೆ ಮುಚ್ಚಿಟ್ಟರೆ ಅದು ಬೇಯುತ್ತದೆ, ಗಾಳಿ ಬರುವಲ್ಲಿ ಲೋಹಕ್ಕೆ ಒತ್ತಿ ಕೂರಿಸಿ. ಎಲ್ಲಕ್ಕಿಂತ ಬೇಸರದ ವಿಷಯ ಬಿಡಿಭಾಗ. ಸ್ಟೇಟರಿನ ಒಂದು ಕಾಯಿಲ್ ಸುಟ್ಟರೆ ಅದೊಂದನ್ನೇ ಕೊಡುವುದಿಲ್ಲವಂತೆ, ಪೂರ್ತಿ ಪ್ಲೇಟ್ ಕೊಳ್ಳಬೇಕಂತೆ. ಹಳೇ ಡೈನಮೋವನ್ನು ರಿವೈಂಡ್ ಮಾಡಿಸಬಹುದಿತ್ತು, ಕಾರ್ಬನ್ ಬ್ರಶ್ ಉಜ್ಜಿ ಹೊಂದಿಸಿ ಹಾಕಬಹುದಿತ್ತು. ಪಾಯಿಂಟ್ ದಾರಿಯಲ್ಲಿ ಕೈಕೊಟ್ಟರೆ ಉಗುರಿನಷ್ಟು ಮರಳುಕಾಗದ ಸಾಕಿತ್ತು. ಈ ಡಬ್ಬ ದಾರಿಯಲ್ಲಿ ಸತ್ತರೆ ಗಾಡಿ ತಳ್ಳುವುದೇ. ನನಗೆ ಇದುವರೆಗೆ ಆಗಿಲ್ಲ, ಆದರೂ ದೂರ ಹೊರಟಾಗ ಈ ಲೆಕ್ಕ ತಲೆಯಲ್ಲಿರುತ್ತದೆ.

ಇಗ್ನಿಷನ್ ಸರಿಯಾದ ಮೇಲೆ ಉಳಿದ ಕಾಯಿಲೆಗಳು ಸ್ಪಷ್ಟವಾಗಿ ಕಾಣತೊಡಗಿದವು, ಇದು ನಾನು ಎಣಿಸದೇ ಇದ್ದ ಲಾಭ. ಕಿಡಿಯ ಮೇಲೆ ಅನುಮಾನ ಇಲ್ಲವಾದ್ದರಿಂದ ಗಾಡಿ ಮುಗ್ಗರಿಸಿದರೆ ನೇರ ಕಾರ್ಬೊರೇಟರಿಗೆ ಕೈ ಹಾಕುತ್ತೇನೆ. ಈಗಿನ 20% ಎಥನಾಲ್ ಪೆಟ್ರೋಲಿನಲ್ಲಿ ಹಳೇ ರಬ್ಬರು ಉಬ್ಬುತ್ತದೆ, ಎಥನಾಲ್ ನೀರು ಹೀರುವುದರಿಂದ ಟ್ಯಾಂಕಿನೊಳಗೆ ತುಕ್ಕು ಬೇಗ. ಹಾಗಾಗಿ ಪೆಟ್ರೋಲ್ ಪೈಪ್, ಟ್ಯಾಪಿನ ವಾಷರ್ ಎಲ್ಲಾ ಎಥನಾಲ್ ತಡೆಯುವಂಥದ್ದು ಹಾಕಿದ್ದೇನೆ. ಗಾಡಿ ಕೆಲವು ವಾರ ನಿಲ್ಲುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿಯೇ ನಿಲ್ಲಿಸುತ್ತೇನೆ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಲೀಟರಿಗೆ 30ರಿಂದ 40 ಮಿ.ಲೀ. ಒಳಗೇ. ಕಿಡಿ ಬಲವಾಗಿದೆ ಅಂತ ಎಣ್ಣೆ ಕಮ್ಮಿ ಮಾಡುವವರ ಮಾತು ಕೇಳಬೇಡಿ. ಬೇರಿಂಗಿಗೆ ಬೇಕಾದ ಎಣ್ಣೆಗೂ ಕಿಡಿಗೂ ಸಂಬಂಧವೇ ಇಲ್ಲ. ಸೈಲೆನ್ಸರ್ ಒಳಗಿನ ಕೊಳವೆಗಳಲ್ಲಿ ಮಸಿ ಕಟ್ಟುವುದೂ ನಿಂತಿಲ್ಲ, ತೆಗೆದು ಕೆರೆಯುವ ಕೆಲಸ ಹಾಗೇ ಇದೆ.

ಯಾರಿಗೆ ಬೇಡ ಅಂದರೆ, ಗಾಡಿಯನ್ನು ಕಾರ್ಖಾನೆಯಿಂದ ಬಂದ ಹಾಗೇ ಇಟ್ಟು ಪ್ರದರ್ಶನಕ್ಕೆ ಒಯ್ಯುವವರಿಗೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 'ವಿಎ' ಸರಣಿಯ ನಂಬರ್ ಸಿಗುತ್ತದೆ. ಆದರೆ ಅದು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ. 1970ರ ದಶಕದ ಯೆಜ್ಡಿಗಳು ಈಗ ಒಂದೊಂದಾಗಿ ಆ ವಯಸ್ಸಿಗೆ ಬರುತ್ತಿವೆ. ಹಾಗಾಗಿ ಡೈನಮೋ, ಪಾಯಿಂಟ್ ಪ್ಲೇಟ್, ರೆಗ್ಯುಲೇಟರ್ ಪೆಟ್ಟಿಗೆ, 6 ವೋಲ್ಟ್ ಹಾರ್ನ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಯಾವ ವೈರು ಎಲ್ಲಿಗೆ ಅಂತ ಚೀಟಿ ಕಟ್ಟಿ ಇಡಿ. ಗಾಡಿ ಮಾರುವ ದಿನ ಬಂದರೆ, ಕೊಳ್ಳುವವರು ಕಿಟ್ಟಿಗಿಂತ ಮೊದಲು ಅದನ್ನೇ ಕೇಳುತ್ತಾರೆ.